ಹರಡಿದ್ದೂ ಬಿಸಿಯಿಂದ, ಕಲ್ಲಾದದ್ದೂ ಬಿಸಿಯಿಂದ: ಮನೆಯಲ್ಲೇ ಚಾಕೊಲೇಟ್ ನಟ್ಸ್ ಕುಕೀಸ್

ಪ್ರಶ್ನೆ: ಮನೆಯಲ್ಲಿ ಚಾಕೊಲೇಟ್, ವಾಲ್‌ನಟ್ ಹಾಕಿ ಮೂರು ಸಲ ಕುಕೀಸ್ ಮಾಡಿದೆ. ಮೊದಲ ಸಲ ಟ್ರೇ ತುಂಬ ಹರಡಿ ಎಲ್ಲಾ ಒಂದಕ್ಕೊಂದು ಅಂಟಿಕೊಂಡವು. ಎರಡನೇ ಸಲ ಹರಡಬಾರದು ಅಂತ ಮೈದಾ ಜಾಸ್ತಿ ಹಾಕಿದೆ. ಉಂಡೆಗಳು ಉಂಡೆಯಾಗಿಯೇ ಉಳಿದವು, ತಿನ್ನಲು ಒಣ ಒಣ. ಮೂರನೇ ಸಲ ಆಕಾರ ಚೆನ್ನಾಗಿತ್ತು, ಆದರೆ ಮಧ್ಯ ಮೆತ್ತಗಿದೆ ಅನಿಸಿ ಇನ್ನೂ 5 ನಿಮಿಷ ಓವನ್‌ನಲ್ಲಿ ಬಿಟ್ಟೆ. ತಣ್ಣಗಾದ ಮೇಲೆ ಕಲ್ಲಾದವು. ಮೂರು ಸಲವೂ ವಾಲ್‌ನಟ್ ಮಾತ್ರ ಮೆತ್ತಗೆ, ಸ್ವಲ್ಪ ಕಹಿ. ರೆಸಿಪಿ ಬದಲಾಯಿಸಲಾ? ಬ್ರೌನ್ ಶುಗರ್ ಬೇಕೇ ಬೇಕಾ? ಹಿಟ್ಟನ್ನು ಮೊದಲೇ ಮಾಡಿ ಇಟ್ಟುಕೊಳ್ಳಬಹುದಾ?

ಉತ್ತರ: ರೆಸಿಪಿಯನ್ನು ದೂರಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಎರಡನೇ ಸಲದ ಮೈದಾ ಒಂದನ್ನು ಬಿಟ್ಟರೆ ನಿಮ್ಮ ಅಳತೆಯಲ್ಲಿ ತಪ್ಪಿಲ್ಲ, ಬಿಸಿಯಲ್ಲಿ ತಪ್ಪಿದೆ. ಬೆಣ್ಣೆ ಎಷ್ಟು ಬೆಚ್ಚಗಿತ್ತು, ಟ್ರೇ ಎಷ್ಟು ಬಿಸಿ ಇತ್ತು, ಓವನ್ ಒಳಗೆ ನಿಜಕ್ಕೂ ಎಷ್ಟು ಡಿಗ್ರಿ ಇತ್ತು, ವಾಲ್‌ನಟ್‌ಗೆ ಬಿಸಿ ತಾಗಿತ್ತಾ ಇಲ್ಲವಾ, ಕುಕೀಯನ್ನು ಯಾವ ಹೊತ್ತಿಗೆ ಹೊರಗೆ ತೆಗೆದಿರಿ. ಇಷ್ಟರಲ್ಲೇ ನಿಮ್ಮ ಮೂರೂ ಸಲದ ಕಥೆ ಮುಗಿಯುತ್ತದೆ.

ಮೊದಲ ಸಲದ ಬೆಣ್ಣೆಯಿಂದ ಶುರು ಮಾಡೋಣ. ಬೆಣ್ಣೆಯಲ್ಲಿ ಕೊಬ್ಬು ಸುಮಾರು ಶೇ. 80, ಉಳಿದದ್ದರಲ್ಲಿ ಬಹುಪಾಲು ನೀರು. 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಂದರೆ ಅದು ಪೂರ್ತಿ ಕರಗುತ್ತದೆ. ನಮಗೆ ಬೇಕಾದದ್ದು ಕರಗಿದ ಬೆಣ್ಣೆಯಲ್ಲ, ಮೆತ್ತಗಾದ ಬೆಣ್ಣೆ. ಅಂದರೆ 18ರಿಂದ 20 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಬೆರಳಿಟ್ಟು ಒತ್ತಿ ನೋಡಿ. ಗುರುತು ಬೀಳಬೇಕು, ಆದರೆ ಬೆರಳು ಸಲೀಸಾಗಿ ಒಳಗೆ ಇಳಿಯಬಾರದು. ಮುಟ್ಟಿದರೆ ಇನ್ನೂ ಸ್ವಲ್ಪ ತಣ್ಣಗೆ ಅನಿಸಬೇಕು. ಮೇಲ್ಗಡೆ ಎಣ್ಣೆಯಂತೆ ಹೊಳೆಯುತ್ತಿದ್ದರೆ ಹದ ಮೀರಿದೆ, ಮತ್ತೆ 10 ನಿಮಿಷ ಫ್ರಿಜ್‌ನಲ್ಲಿಡಿ. ಮೈಕ್ರೋವೇವ್‌ನಲ್ಲಿ ಮೆತ್ತಗೆ ಮಾಡುವ ಆತುರ ಬೇಡ. ಅಂಚು ಗಟ್ಟಿ ಇರುವಾಗಲೇ ನಡುವೆ ಕರಗಿಬಿಡುತ್ತದೆ.

ಈ ಹದ ಯಾಕೆ ಇಷ್ಟು ಮುಖ್ಯ? ಬೆಣ್ಣೆ, ಸಕ್ಕರೆ ಎರಡನ್ನೂ ಸೇರಿಸಿ ಬೀಟರ್‌ನಲ್ಲಿ ಕಡೆಯುವಾಗ ಸಕ್ಕರೆಯ ಚೂಪಾದ ಕಣಗಳು ಬೆಣ್ಣೆಯಲ್ಲಿ ಸಣ್ಣ ಸಣ್ಣ ಗಾಳಿಗುಳಿಗಳನ್ನು ಮಾಡುತ್ತಾ ಹೋಗುತ್ತವೆ. ಆಮೇಲೆ ಅಡುಗೆ ಸೋಡಾ ಬಿಡುವ ಗಾಳಿ ಆ ಗುಳಿಗಳನ್ನೇ ಹಿಗ್ಗಿಸುತ್ತದೆ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ, ಆಗ ಹಿಟ್ಟು ಉಬ್ಬುವ ಬದಲು ಹರಿಯುತ್ತದೆ. ಮಧ್ಯಮ ವೇಗದಲ್ಲಿ 2ರಿಂದ 3 ನಿಮಿಷ ಕಡೆದರೆ ಸಾಕು. ಬಣ್ಣ ಸ್ವಲ್ಪ ತಿಳಿಯಾಗಿ, ಬೀಟರ್‌ಗೆ ಹತ್ತಿಕೊಂಡದ್ದು ಬೀಳದೆ ನಿಂತರೆ ಆಯಿತು. ಕೇಕ್‌ಗೆ ಕಡೆದಷ್ಟು ಹೊತ್ತು ಇಲ್ಲಿ ಬೇಡ. ಜಾಸ್ತಿ ಗಾಳಿ ಸೇರಿದರೆ ಕುಕೀ ಓವನ್‌ನಲ್ಲಿ ಉಬ್ಬಿ ಹೊರಗೆ ಬಂದ ತಕ್ಷಣ ಕುಸಿಯುತ್ತದೆ.

ಓವನ್ ಒಳಗೆ ನಡೆಯುವುದು ಒಂದು ಓಟದ ಪಂದ್ಯ ಅಂತಲೇ ತಿಳಿಯಿರಿ. ಒಂದು ಕಡೆ ಬೆಣ್ಣೆ ಕರಗಿ ಹಿಟ್ಟನ್ನು ಹರಡಿಸುತ್ತಿರುತ್ತದೆ. ಇನ್ನೊಂದು ಕಡೆ ಮೊಟ್ಟೆ ಮತ್ತು ಮೈದಾ ಬೆಂದು ಗಟ್ಟಿಯಾಗಿ ಹರಡುವುದನ್ನು ನಿಲ್ಲಿಸಲು ನೋಡುತ್ತಿರುತ್ತವೆ. ಹಿಟ್ಟು ತಣ್ಣಗೆ ಒಳಗೆ ಹೋದರೆ ಬೆಣ್ಣೆ ತಡವಾಗಿ ಕರಗುತ್ತದೆ, ಅಷ್ಟರಲ್ಲಿ ಅಂಚು ಬೆಂದು ನಿಂತಿರುತ್ತದೆ. ಹಿಟ್ಟು ಬೆಚ್ಚಗಿದ್ದರೆ ಬೆಣ್ಣೆಯೇ ಗೆಲ್ಲುತ್ತದೆ. ನಿಮ್ಮ ಮೊದಲ ಟ್ರೇಯಲ್ಲಿ ಆದದ್ದು ಇದೇ. ಇದಕ್ಕೆ ಇನ್ನೆರಡು ಕಾರಣಗಳು ಜೊತೆಯಾಗಿರಬಹುದು, ನೋಡಿಕೊಳ್ಳಿ. ಟ್ರೇಗೆ ಬೆಣ್ಣೆ ಸವರಬೇಡಿ. ಸವರಿದರೆ ಹಿಟ್ಟಿಗೆ ಹಿಡಿತವೇ ಸಿಗುವುದಿಲ್ಲ, ಜಾರುತ್ತದೆ. ಬೇಕಿಂಗ್ ಪೇಪರ್ ಹಾಸಿದರೆ ಸಾಕು. ಆಮೇಲೆ, ಒಂದು ಸುತ್ತು ತೆಗೆದ ಬಿಸಿ ಟ್ರೇ ಮೇಲೆಯೇ ಮುಂದಿನ ಉಂಡೆಗಳನ್ನು ಇಡಬೇಡಿ. ಓವನ್ ಬಾಗಿಲು ಹಾಕುವ ಮೊದಲೇ ಅಡಿಯ ಬೆಣ್ಣೆ ಕರಗಲು ಶುರುವಾಗಿರುತ್ತದೆ. ಟ್ರೇ ಪೂರ್ತಿ ಆರಲಿ.

ಹಾಗಾಗಿ ಹಿಟ್ಟನ್ನು ಕಲಸಿದ ತಕ್ಷಣ ಬೇಯಿಸಬೇಡಿ. ಕಡಿಮೆಯೆಂದರೆ 1 ಗಂಟೆ ಫ್ರಿಜ್‌ನಲ್ಲಿಡಿ. ನನ್ನನ್ನು ಕೇಳಿದರೆ ಇಡೀ ಒಂದು ದಿನ ಇಡಿ ಅನ್ನುತ್ತೇನೆ. ತಣ್ಣಗಾಗುವುದಷ್ಟೇ ಲಾಭವಲ್ಲ. ಮೊಟ್ಟೆಯ ನೀರನ್ನು ಮೈದಾ ನಿಧಾನವಾಗಿ ಹೀರಿಕೊಳ್ಳುತ್ತದೆ. ಮೈದಾದಲ್ಲಿರುವ ಕಿಣ್ವಗಳು ಪಿಷ್ಟದ ಒಂದಷ್ಟು ಭಾಗವನ್ನು ಒಡೆದು ಸಕ್ಕರೆ ಮಾಡುತ್ತವೆ. ಇದರಿಂದ ಕುಕೀ ಚೆನ್ನಾಗಿ ಕೆಂಪಾಗುತ್ತದೆ, ರುಚಿ ಗಾಢವಾಗುತ್ತದೆ. ಒಂದೇ ಹಿಟ್ಟಿನ ಅರ್ಧವನ್ನು ಇವತ್ತು, ಇನ್ನರ್ಧವನ್ನು ನಾಳೆ ಬೇಯಿಸಿ ಪಕ್ಕಪಕ್ಕ ಇಟ್ಟು ನೋಡಿ. ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ. ಇವತ್ತಿನದರಲ್ಲಿ ಸಿಹಿ ಮುಂದೆ ನಿಲ್ಲುತ್ತದೆ, ನಾಳೆಯದರಲ್ಲಿ ಕ್ಯಾರಮೆಲ್‌ನ ಘಮ ಬರುತ್ತದೆ. ಫ್ರಿಜ್‌ನಲ್ಲಿ ಮುಚ್ಚಿಟ್ಟರೆ 3 ದಿನದವರೆಗೂ ಚೆನ್ನಾಗಿರುತ್ತದೆ.

ಎರಡನೇ ಸಲದ್ದು ಬೇಗ ಹೇಳಿಬಿಡುತ್ತೇನೆ. ಹರಡಿತೆಂದು ಮೈದಾ ಸೇರಿಸಿದಿರಿ, ಬಹಳಷ್ಟು ಜನ ಹೀಗೇ ಮಾಡುತ್ತಾರೆ. ಜೊತೆಗೆ ಕಪ್‌ನಲ್ಲಿ ಅಳೆದಿರಬೇಕು. ಮೈದಾವನ್ನು ಸಡಿಲ ಮಾಡಿ ಚಮಚದಿಂದ ತುಂಬಿದರೆ 1 ಕಪ್‌ಗೆ ಸುಮಾರು 120 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಕಪ್ ಒಂದೇ, ಕುಕೀ ಬೇರೆಯೇ! ಚಿಕ್ಕದೊಂದು ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಓವನ್ ಬಿಟ್ಟರೆ ಬೇಕಿಂಗ್‌ಗೆ ಅದಕ್ಕಿಂತ ಉಪಯೋಗದ ವಸ್ತು ಇಲ್ಲ.

ನಾನು ಬಳಸುವ ಅಳತೆ ಹೀಗಿದೆ. ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 100 ಗ್ರಾಂ, ಬಿಳಿ ಸಕ್ಕರೆ 75 ಗ್ರಾಂ, ಮೊಟ್ಟೆ 1, ವೆನಿಲಾ 1 ಟೀ ಚಮಚ, ಮೈದಾ 160 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಚಾಕೊಲೇಟ್ 150 ಗ್ರಾಂ, ಹುರಿದ ನಟ್ಸ್ 90 ಗ್ರಾಂ. ಬೆಣ್ಣೆ, ಸಕ್ಕರೆ ಕಡೆದ ಮೇಲೆ ಮೊಟ್ಟೆ, ವೆನಿಲಾ ಹಾಕಿ ಸೇರಿಸಿ. ಮೊಟ್ಟೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬಾರದು, ಬೆಣ್ಣೆ ಗಂಟು ಕಟ್ಟುತ್ತದೆ. ಮೈದಾ, ಸೋಡಾ, ಉಪ್ಪು ಜರಡಿ ಹಿಡಿದು ಹಾಕಿ. ಇಲ್ಲಿಂದ ಮುಂದೆ ಬೀಟರ್ ಬೇಡ, ಸೌಟು ಸಾಕು. ಒಣ ಮೈದಾ ಕಾಣದಂತಾದರೆ ನಿಲ್ಲಿಸಿ. ಜಾಸ್ತಿ ತಿರುವಿದಷ್ಟೂ ಮೈದಾದಲ್ಲಿರುವ ಗ್ಲುಟನ್ ಎಂಬ ಅಂಟು ಪ್ರೋಟೀನು ಬಿಗಿಯಾಗಿ ಕುಕೀ ಜಿಗುಟಾಗುತ್ತದೆ. ಕೊನೆಗೆ ಚಾಕೊಲೇಟ್, ನಟ್ಸ್. ಉಪ್ಪನ್ನು ಬಿಡಬೇಡಿ, ಅದಿಲ್ಲದಿದ್ದರೆ ಚಾಕೊಲೇಟ್ ಸಪ್ಪೆ ಅನಿಸುತ್ತದೆ. ಇಷ್ಟರಲ್ಲಿ 40 ಗ್ರಾಂನ ಸುಮಾರು 18 ಉಂಡೆ ಬರುತ್ತವೆ.

ಬ್ರೌನ್ ಶುಗರ್ ಬೇಕೇ ಬೇಕಾ ಅಂತ ಕೇಳಿದಿರಿ. ಬ್ರೌನ್ ಶುಗರ್ ಅಂದರೆ ಮೊಲಾಸಿಸ್ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ) ಅಂಶ ಇರುವ ಸಕ್ಕರೆ. ಮೊಲಾಸಿಸ್ ಎರಡು ಕೆಲಸ ಮಾಡುತ್ತದೆ. ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕುಕೀಯ ನಡುಭಾಗ ಮೆತ್ತಗೆ ಉಳಿಯುತ್ತದೆ. ಅದರಲ್ಲಿ ಸ್ವಲ್ಪ ಹುಳಿಯ ಗುಣವೂ ಇದೆ, ಅಡುಗೆ ಸೋಡಾ ಕೆಲಸ ಮಾಡಲು ಆ ಹುಳಿ ಬೇಕು. ಪೂರ್ತಿ ಬಿಳಿ ಸಕ್ಕರೆಯಲ್ಲಿ ಮಾಡಿದರೆ ಕುಕೀ ಕೆಡುವುದಿಲ್ಲ, ಬೇರೆ ಕುಕೀ ಆಗುತ್ತದೆ: ತೆಳುವಾಗಿ, ಗರಿಗರಿಯಾಗಿ, ಬಣ್ಣ ತಿಳಿಯಾಗಿ. ಗರಿಗರಿಯೇ ನಿಮಗಿಷ್ಟವಾದರೆ ಸುಮ್ನೆ ಬ್ರೌನ್ ಶುಗರ್ ಹುಡುಕಿಕೊಂಡು ಅಲೆಯಬೇಡಿ. ಆದರೆ ಆಗ ಸೋಡಾವನ್ನು ಕಾಲು ಟೀ ಚಮಚಕ್ಕೆ ಇಳಿಸಿ ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ. ಬೇಕಿಂಗ್ ಪೌಡರ್‌ನಲ್ಲಿ ಬೇಕಾದ ಹುಳಿ ಒಳಗೇ ಇರುತ್ತದೆ. ಇಲ್ಲದಿದ್ದರೆ ಸೋಡಾ ಹಾಗೇ ಉಳಿದು ಸೋಪಿನಂಥ ರುಚಿ ಕೊಡುತ್ತದೆ.

ಈಗ ವಾಲ್‌ನಟ್. ಇದನ್ನು ನಿಧಾನವಾಗಿ ಓದಿ. ನಟ್ಸ್ ಹಾಕುವ ಕುಕೀಗಳಲ್ಲಿ ನನಗೆ ಅತಿ ಬೇಸರ ತರುವುದು ಹಸಿ ನಟ್ಸ್. ಓವನ್‌ಗೆ ಹೋಗುತ್ತದಲ್ಲ, ಅಲ್ಲೇ ಹುರಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹುರಿಯುವುದಿಲ್ಲ. ಓವನ್ 175 ಡಿಗ್ರಿ ಇದ್ದರೂ ಹಿಟ್ಟಿನ ಒಳಗೆ ನೀರು ಇರುವಷ್ಟು ಹೊತ್ತು ಬಿಸಿ 100 ಡಿಗ್ರಿ ದಾಟುವುದು ಕಷ್ಟ. ಹುರಿದ ಘಮ ಹುಟ್ಟುವುದು 140 ಡಿಗ್ರಿಯ ಆಚೆಗೆ. ಪ್ರೋಟೀನು ಮತ್ತು ಸಕ್ಕರೆ ಸೇರಿ ಕೆಂಪಾಗುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದರು, ಅವರ ಹೆಸರಲ್ಲೇ ಅದನ್ನು ಮಯಾರ್ ಕ್ರಿಯೆ ಅನ್ನುತ್ತಾರೆ. ಹಿಟ್ಟಿನೊಳಗೆ ಹುದುಗಿ ಕೂತ ವಾಲ್‌ನಟ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಹಬೆಯಲ್ಲಿ ಬೆಂದು ಸುತ್ತಲಿನ ತೇವ ಹೀರಿ ಮೆತ್ತಗಾಗುತ್ತದೆ. ನಿಮಗೆ ಸಿಕ್ಕಿದ್ದು ಅಂಥದ್ದೇ.

ಹಾಗಾಗಿ ಮೊದಲೇ ಹುರಿದುಕೊಳ್ಳಿ. ಓವನ್ 170 ಡಿಗ್ರಿಯಲ್ಲಿ, ಒಂದೇ ಪದರವಾಗಿ ಹರಡಿ. ವಾಲ್‌ನಟ್‌ಗೆ 8ರಿಂದ 10 ನಿಮಿಷ, ಇಡೀ ಬಾದಾಮಿಗೆ 10ರಿಂದ 12 ನಿಮಿಷ. ಗೋಡಂಬಿ ಬೇಗ ಬಣ್ಣ ತಿರುಗುತ್ತದೆ, 6 ನಿಮಿಷಕ್ಕೇ ನೋಡಲು ಶುರು ಮಾಡಿ. ಒಂದು ಬಾದಾಮಿಯನ್ನು ತೆಗೆದು ಎರಡು ಹೋಳು ಮಾಡಿ. ಒಳಗಿನ ಬಿಳಿ ಹೋಗಿ ತಿಳಿ ಕಂದು ಬಂದಿದ್ದರೆ ಆಯಿತು. ಟ್ರೇಯಿಂದ ತಕ್ಷಣ ಬೇರೆ ತಟ್ಟೆಗೆ ಸುರಿಯಿರಿ, ಬಿಸಿ ಟ್ರೇಯಲ್ಲೇ ಬಿಟ್ಟರೆ ಹುರಿಯುವುದು ಮುಂದುವರಿಯುತ್ತದೆ. ವಾಲ್‌ನಟ್‌ನ ಕಹಿ, ಒಗರು ಇರುವುದು ಅದರ ಸಿಪ್ಪೆಯಲ್ಲಿ. ಬೆಚ್ಚಗಿರುವಾಗಲೇ ಒಣ ಬಟ್ಟೆಯಲ್ಲಿ ಹಾಕಿ ಉಜ್ಜಿ. ಕಂದು ಸಿಪ್ಪೆ ಉದುರಿ ಬಟ್ಟೆಗೆ ಹತ್ತಿಕೊಳ್ಳುವುದು ಕಾಣುತ್ತದೆ. ಸಂದಿಗಳಲ್ಲಿ ಇರುವುದು ಹೋಗುವುದಿಲ್ಲ, ಪರವಾಗಿಲ್ಲ. ಅರ್ಧ ಹೋದರೂ ಕಹಿ ತುಂಬಾ ಇಳಿಯುತ್ತದೆ.

ಕಹಿಗೆ ಇನ್ನೊಂದು ಕಾರಣ ಇರಬಹುದು. ವಾಲ್‌ನಟ್‌ನಲ್ಲಿ ಶೇ. 65ರಷ್ಟು ಎಣ್ಣೆ ಇದೆ, ಅದೂ ಬೇಗ ಕೆಡುವ ಜಾತಿಯ ಎಣ್ಣೆ. ಹೊರಗೆ ತಿಂಗಳುಗಟ್ಟಲೆ ಇದ್ದರೆ ಕಮಟು ಹಿಡಿಯುತ್ತದೆ. ಹಿಟ್ಟಿಗೆ ಹಾಕುವ ಮೊದಲು ಒಂದನ್ನು ಬಾಯಿಗೆ ಹಾಕಿಕೊಳ್ಳಿ. ಹಳೆಯ ಎಣ್ಣೆಯ, ಬಣ್ಣದ ಡಬ್ಬಿಯ ವಾಸನೆ ಬಂದರೆ ಹುರಿದರೂ ಅದು ಸರಿಹೋಗುವುದಿಲ್ಲ, ಎಸೆಯಿರಿ. ತಂದ ದಿನವೇ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲೋ ಫ್ರೀಜರ್‌ನಲ್ಲೋ ಇಡುವುದು ಒಳ್ಳೆಯದು.

ಹುರಿದದ್ದು ಪೂರ್ತಿ ಆರಿದ ಮೇಲೆಯೇ ಕತ್ತರಿಸಿ. ಬಿಸಿ ಇರುವಾಗ ಹಿಟ್ಟಿಗೆ ಹಾಕಿದರೆ ಬೆಣ್ಣೆ ಕರಗುತ್ತದೆ, ಚಾಕೊಲೇಟೂ ಕರಗಿ ಹಿಟ್ಟೆಲ್ಲ ಕೆಸರು ಬಣ್ಣ ಆಗುತ್ತದೆ. ಒಂದೇ ಗಾತ್ರಕ್ಕೆ ಕತ್ತರಿಸುವ ಶ್ರಮ ಬೇಡ, ಕೆಲವು ದೊಡ್ಡ ಚೂರು, ಕೆಲವು ಸಣ್ಣವು ಇರಲಿ. ಆದರೆ ಕತ್ತರಿಸಿದಾಗ ಉಳಿಯುವ ಪುಡಿಯನ್ನು ಜರಡಿಯಲ್ಲಿ ಬೇರೆ ಮಾಡಿ. ಆ ಪುಡಿ ಹಿಟ್ಟನ್ನು ಒಣಗಿಸುತ್ತದೆ. ಬೇರೆಯವರಿಗೆ ಕೊಡುವಾಗ ಇದರಲ್ಲಿ ಯಾವ ನಟ್ಸ್ ಇದೆ ಅಂತ ಬಾಯಿಬಿಟ್ಟು ಹೇಳಿ. ನಟ್ಸ್ ಅಲರ್ಜಿ ಇರುವವರಿಗೆ ಸಣ್ಣ ಚೂರೂ ಜೀವಕ್ಕೆ ಕುತ್ತು ತರಬಹುದು.

ಚಾಕೊಲೇಟ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಚಿಪ್ಸ್‌ಗಿಂತ ಬಾರ್ ಕತ್ತರಿಸಿ ಹಾಕಿದ ಕುಕೀ ನನಗೆ ಹೆಚ್ಚು ಇಷ್ಟ. ಓವನ್‌ನಲ್ಲೂ ಆಕಾರ ಉಳಿಯಲಿ ಅಂತ ಚಿಪ್ಸ್‌ನಲ್ಲಿ ಸಾಮಾನ್ಯವಾಗಿ ಕೋಕೋ ಬೆಣ್ಣೆ ಕಡಿಮೆ ಇರುತ್ತದೆ. ಬಾರ್‌ನಲ್ಲಿ ಜಾಸ್ತಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದರೆ ನಮ್ಮ ಮೈ ಬಿಸಿಗಿಂತ ತುಸು ಕೆಳಗೆ ಕರಗುತ್ತದೆ. ಒಳ್ಳೆಯ ಚಾಕೊಲೇಟ್ ನಾಲಿಗೆ ಮೇಲಿಟ್ಟರೆ ತಾನೇ ಕರಗುವುದು ಅದಕ್ಕೇ. ಬಾರ್ ಕತ್ತರಿಸಿದಾಗ ದೊಡ್ಡ ತುಂಡುಗಳು ಕುಕೀಯಲ್ಲಿ ಮಡುವಿನಂತೆ ನಿಲ್ಲುತ್ತವೆ, ಸಣ್ಣ ಎಸಳುಗಳು ಹಿಟ್ಟಿನಲ್ಲಿ ಗೆರೆಗಳಾಗಿ ಹರಡುತ್ತವೆ. ಈ ಕುಕೀ ಹುಟ್ಟಿದ್ದೂ ಬಾರ್‌ನಿಂದಲೇ. 1930ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಟ್ಮನ್ ಎಂಬ ಊರಿನಲ್ಲಿ ಟೋಲ್ ಹೌಸ್ ಎಂಬ ಹೋಟೆಲ್ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಚಾಕೊಲೇಟ್ ಬಾರ್ ಒಡೆದು ಹಿಟ್ಟಿಗೆ ಹಾಕಿದರು. ಅಂಗಡಿಯಲ್ಲಿ ಸಿಗುವ ಚಿಪ್ಸ್ ಆಮೇಲೆ ಬಂದದ್ದು. ಕೋಕೋ ಶೇ. 55ರಿಂದ 65 ಇರುವ ಡಾರ್ಕ್ ಚಾಕೊಲೇಟ್ ಈ ಸಿಹಿಗೆ ಸರಿಹೊಂದುತ್ತದೆ. ಕೊಳ್ಳುವಾಗ ಹಿಂದಿನ ಪಟ್ಟಿ ಓದಿ. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇದ್ದರೆ ಅದು ಕಾಂಪೌಂಡ್ ಚಾಕೊಲೇಟ್. ಕೆಡುಕಿಲ್ಲ, ಆದರೆ ಬಾಯಲ್ಲಿ ಮೇಣದಂತೆ ಅನಿಸುತ್ತದೆ. ಬಾರ್ ಮೇಲೆ ಬಿಳಿ ಮಬ್ಬು ಕಂಡರೆ ಅದು ಬೂಸ್ಟಲ್ಲ, ಬಿಸಿ ತಾಗಿ ಕೊಬ್ಬು ಮೇಲೆ ಬಂದದ್ದು. ಕುಕೀಗೆ ಧಾರಾಳವಾಗಿ ಬಳಸಿ.

ಓವನ್ ಅನ್ನು ನಂಬಬೇಡಿ, ಪರೀಕ್ಷಿಸಿ. ಹಿಂದೆ ನನ್ನ ಹತ್ತಿರ ಇದ್ದ ಓವನ್‌ನಲ್ಲಿ ಗುಂಡಿ 180ಕ್ಕೆ ಇಟ್ಟರೆ ಒಳಗೆ 205 ಡಿಗ್ರಿ ಇರುತ್ತಿತ್ತು. ಕುಕೀಗಳ ಅಡಿ ಯಾಕೆ ಕರಕಲಾಗುತ್ತಿದೆ ಅಂತ ತಿಂಗಳುಗಟ್ಟಲೆ ಹುಡುಕಿ, ಕೊನೆಗೆ ಒಳಗಿಡುವ ಥರ್ಮಾಮೀಟರ್ ತಂದ ದಿನ ಗೊತ್ತಾಯಿತು. ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆಯಿಂದಲೂ ನೋಡಬಹುದು. ಬಿಳಿ ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ ಮೇಲೆ 1 ಚಮಚ ಸಕ್ಕರೆ ಇಟ್ಟು, ಕಾದ ಓವನ್‌ನಲ್ಲಿ 175ಕ್ಕೆ 15 ನಿಮಿಷ ಬಿಡಿ. ಸಕ್ಕರೆ ಸಕ್ಕರೆಯಾಗಿಯೇ ಇರಬೇಕು. ಕರಗಿ ನೀರಾಗಿದ್ದರೆ ನಿಮ್ಮ ಓವನ್ ಜಾಸ್ತಿ ಬಿಸಿಯಾಗುತ್ತಿದೆ. ಹಾಗೇ ಹೊಸ ಸಕ್ಕರೆ ಇಟ್ಟು 190ಕ್ಕೆ ನೋಡಿ, ಆಗ ಕರಗಬೇಕು. ಕರಗದಿದ್ದರೆ ಓವನ್ ಹಿಂದೆ ಬಿದ್ದಿದೆ. ಫ್ಯಾನ್ ಇರುವ ಓವನ್‌ಗೆ 20 ಡಿಗ್ರಿ ಕಡಿಮೆ ಇಡಿ. ಕುಕೀ ಇಡುವ ಮೊದಲು ಕಡಿಮೆಯೆಂದರೆ 20 ನಿಮಿಷ ಕಾಯಿಸಿ.

ಇನ್ನು ನಿಮ್ಮ ಮೂರನೇ ಸಲ. ನೀವು ಗೆದ್ದೇಬಿಟ್ಟಿದ್ದಿರಿ, ಆ 5 ನಿಮಿಷವೇ ಕೈ ಕೊಟ್ಟಿತು. ಬಿಸಿ ಕುಕೀಯಲ್ಲಿ ಸಕ್ಕರೆ ಪಾಕದ ರೂಪದಲ್ಲಿರುತ್ತದೆ, ಬೆಣ್ಣೆ ಎಣ್ಣೆಯ ರೂಪದಲ್ಲಿರುತ್ತದೆ. ಎರಡೂ ತಣ್ಣಗಾದ ಮೇಲೆಯೇ ಗಟ್ಟಿಯಾಗುವುದು. ಓವನ್‌ನಲ್ಲೇ ಗಟ್ಟಿ ಅನಿಸಿದ ಕುಕೀ ಆರಿದ ಮೇಲೆ ಕಲ್ಲಾಗದೆ ಇನ್ನೇನಾಗುತ್ತದೆ, ಅಲ್ವಾ? ಮುಂದಿನ ಸಲ ಓವನ್ ದೀಪ ಹಾಕಿ ಬಾಗಿಲ ಮುಂದೆ ಕೂತು ನೋಡಿ. 40 ಗ್ರಾಂನ ತಣ್ಣನೆಯ ಉಂಡೆ, 175 ಡಿಗ್ರಿ. ಮೊದಲ 3-4 ನಿಮಿಷ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಅಂಚು ಮೆಲ್ಲಗೆ ಜಾರುತ್ತದೆ, ಉಂಡೆ ಬಿಲ್ಲೆಯಾಗುತ್ತದೆ. 7ನೇ ನಿಮಿಷದ ಹೊತ್ತಿಗೆ ಮಧ್ಯ ಉಬ್ಬಿರುತ್ತದೆ, ಮೇಲ್ಮೈ ಹಸಿಯಾಗಿ ಹೊಳೆಯುತ್ತಿರುತ್ತದೆ. 9-10ಕ್ಕೆ ಆ ಹೊಳಪು ಅಂಚಿನಿಂದ ಒಳಗೆ ಇಂಗುತ್ತಾ ಬರುತ್ತದೆ, ಅಂಚಿಗೆ ತಿಳಿ ಕಂದು ಹತ್ತುತ್ತದೆ. ನಡುವೆ ನಾಣ್ಯದಗಲ ಜಾಗದಲ್ಲಿ ಇನ್ನೂ ಹಸಿ ಹೊಳಪು ಉಳಿದಿರುವಾಗಲೇ ತೆಗೆಯಿರಿ. 10ರಿಂದ 12 ನಿಮಿಷದೊಳಗೆ ಆ ಗಳಿಗೆ ಬರುತ್ತದೆ. ಬೆಂದಿಲ್ಲ ಅಂತ ಮನಸ್ಸು ಹೇಳುತ್ತದೆ, ಕೇಳಬೇಡಿ. ಟ್ರೇ ಮೇಲೆಯೇ 5 ನಿಮಿಷ ಬಿಟ್ಟರೆ ಟ್ರೇಯ ಬಿಸಿಯಲ್ಲಿ ಮಧ್ಯ ಬೆಂದು, ಕುಸಿದು, ಮೇಲೆ ಬಿರುಕು ಬಿಡುತ್ತದೆ. ಆಮೇಲೆ ಜಾಲರಿಗೆ ಎತ್ತಿಡಿ. ಕಪ್ಪು ಟ್ರೇ ಬಿಸಿಯನ್ನು ಜಾಸ್ತಿ ಹೀರಿ ಅಡಿಯನ್ನು ಬೇಗ ಸುಡುತ್ತದೆ, ಅಂಥದ್ದಾದರೆ ಒಂದು ನಿಮಿಷ ಮೊದಲೇ ನೋಡಿ. ಮತ್ತೆ, ಇಡೀ ಟ್ರೇ ಇಡುವ ಮೊದಲು ಒಂದೇ ಒಂದು ಉಂಡೆ ಬೇಯಿಸಿ. ಹರಡಿದರೆ ಉಳಿದದ್ದನ್ನು ಇನ್ನಷ್ಟು ತಣ್ಣಗೆ ಮಾಡಿ, ಹರಡದಿದ್ದರೆ ಉಳಿದ ಉಂಡೆಗಳನ್ನು ಅಂಗೈಯಿಂದ ಸ್ವಲ್ಪ ಒತ್ತಿ.

ಈಗ ಕಲ್ಲಾಗಿರುವವನ್ನು ಎಸೆಯಬೇಡಿ. ಡಬ್ಬಿಯಲ್ಲಿ ಅವುಗಳ ಜೊತೆ ಒಂದು ತುಂಡು ಮೆತ್ತನೆಯ ಬ್ರೆಡ್ ಇಟ್ಟು ರಾತ್ರಿ ಮುಚ್ಚಿಡಿ. ಬ್ರೆಡ್ಡಿನ ತೇವವನ್ನು ಕುಕೀಯ ಸಕ್ಕರೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬ್ರೆಡ್ ಒಣಗಿರುತ್ತದೆ, ಕುಕೀ ಹಲ್ಲಿಗೆ ಸಿಗುವಷ್ಟು ಮೆತ್ತಗಾಗಿರುತ್ತದೆ.

ಹಿಟ್ಟನ್ನು ಮೊದಲೇ ಮಾಡಿಡುವ ಪ್ರಶ್ನೆಗೆ ಉತ್ತರ: ಖಂಡಿತ ಮಾಡಿಡಿ. ಉಂಡೆ ಕಟ್ಟಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಫ್ರೀಜ್ ಮಾಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ತೆಗೆದು ಕಟ್ಟಿ, ಮೇಲೆ ತಾರೀಕು ಬರೆಯಿರಿ. 2 ತಿಂಗಳು ರುಚಿ ಕೆಡದೆ ಇರುತ್ತದೆ. ಮಕ್ಕಳು ಹಸಿ ಹಿಟ್ಟಿಗೆ ಕೈ ಹಾಕುತ್ತಾರೆ, ಬಿಡಬೇಡಿ. ಹಸಿ ಮೊಟ್ಟೆಯಂತೆ ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಬೇಕೆನಿಸಿದ ದಿನ ಬೇಕಾದಷ್ಟೇ ಉಂಡೆ ತೆಗೆದು, ಕರಗಲು ಬಿಡದೆ ನೇರವಾಗಿ ಟ್ರೇ ಮೇಲಿಡಿ. 1ರಿಂದ 2 ನಿಮಿಷ ಜಾಸ್ತಿ ಬೇಕಾಗುತ್ತದೆ, ಅಷ್ಟೆ.